ಹದಿನೇಳನೆಯ ದಾನಸ್ತಂಭ

ಶನಿವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೇಮಾಪುರದ ಛತ್ರದ ಬೀದಿಯಲ್ಲಿ ಒಂದು ಕಾರು ತಾನಾಗಿಯೇ ಬಂದು ನಿಂತಿತು. ಚಾಲಕನಿಲ್ಲದ ಕಾರು. ಹಿಂದಿನ ಬಾಗಿಲಿನಿಂದ ರೇಷ್ಮೆ ಸೀರೆಯ ಹೆಂಗಸೊಬ್ಬಳು ಮೂರು ವರ್ಷದ ಮಗುವನ್ನು ಎತ್ತಿಕೊಂಡು ಇಳಿದಳು. ರಸ್ತೆಯ ಅಂಚಿನಲ್ಲಿ ಎದೆಮಟ್ಟದ ಒಂದು ಉಕ್ಕಿನ ಕಂಬವಿತ್ತು, ಅದರ ತಲೆಯ ಮೇಲೆ ಅಂಗೈಯಗಲದ ಗಾಜು. ಹೆಂಗಸು ತನ್ನ ಬಲ ಅಂಗೈಯನ್ನು ಮಗುವಿನ ತಲೆಯ ಸುತ್ತ ಮೂರು ಸಲ ನಿವಾಳಿಸಿ ಗಾಜಿನ ಮೇಲೆ ಒತ್ತಿದಳು. ಒಳಗೆ ಹಸಿರು ಬೆಳಕು ಹತ್ತಿತು.

"ನಿಮ್ಮ ದಾನ ಸಂದಿದೆ. ಹೇಮಾಪುರ ನಿಮಗೆ ಕೃತಜ್ಞವಾಗಿದೆ" ಎಂದಿತು ಕಂಬ.

ಆದರೆ ಹೆಂಗಸು ಹೊರಡಲಿಲ್ಲ. ಕಂಬದಿಂದ ಎರಡು ಮಾರು ದೂರದಲ್ಲಿ ಗೋಣಿತಾಟಿನ ಮೇಲೆ ಕುಳಿತಿದ್ದ ಮುದುಕಿಯ ಕಡೆ ತಿರುಗಿ ಕಾದು ನಿಂತಳು. ಮುದುಕಿಗೆ ಕೆಮ್ಮು ಹತ್ತಿತ್ತು. ಅದು ನಿಂತ ಮೇಲೆ ಆಕೆ ಸೆರಗಿನ ತುದಿಯನ್ನು ಎರಡು ಕೈಯಲ್ಲೂ ಹಿಡಿದು ಮುಂದೆ ಒಡ್ಡಿ, "ಒಳ್ಳೇದಾಗ್ಲಿ ತಾಯಿ" ಎಂದಳು. ಸೆರಗಿಗೆ ಏನೂ ಬೀಳಲಿಲ್ಲ. ಆದರೂ ರೇಷ್ಮೆ ಸೀರೆಯವಳು ಹೊರೆ ಇಳಿಸಿದವಳಂತೆ ಉಸಿರುಬಿಟ್ಟು ಕಾರು ಹತ್ತಿ ಹೋದಳು.

ಕಂಬ ಇದೆಲ್ಲವನ್ನೂ ಗಮನಿಸಿತು, ಎಂದಿನಂತೆ ನೆನಪಿನಲ್ಲಿಟ್ಟುಕೊಂಡಿತು.

ಈ ಕಂಬಗಳು ಹುಟ್ಟಿದ ಕಥೆಯನ್ನು ಹೇಮಾಪುರದ ಜನ ಹೊರಗಿನವರಿಗೆ ಎದೆಯುಬ್ಬಿಸಿ ಹೇಳುತ್ತಾರೆ. ಮೊದಲು ಇವು ವಾಹನ ನಿಲ್ಲಿಸುವುದಕ್ಕೆ ಬಾಡಿಗೆ ವಸೂಲಿ ಮಾಡುವ ಮೀಟರುಗಳಾಗಿದ್ದವು. ಕಾರುಗಳು ತಾವೇ ಓಡಾಡುವುದನ್ನು ಕಲಿತ ಮೇಲೆ ಒಡೆಯನನ್ನು ಇಳಿಸಿ ಊರಾಚೆಯ ಬಯಲಿಗೆ ಹೋಗಿ ನಿಲ್ಲತೊಡಗಿದವು. ಒಂಬೈನೂರು ಮೀಟರುಗಳು ಕೆಲಸವಿಲ್ಲದೆ ತುಕ್ಕು ಹಿಡಿದವು. ಅದೇ ಕಾಲಕ್ಕೆ ನಾಡಿನಲ್ಲಿ ನಾಣ್ಯ, ನೋಟು ಎರಡೂ ಮಾಯವಾಗಿದ್ದವು. ಕೊಡುವುದು ತೆಗೆದುಕೊಳ್ಳುವುದು ಎಲ್ಲ ಅಂಗೈಗುರುತಿನಿಂದಲೇ. ಕಾಸೇ ಇಲ್ಲದ ಊರಿನಲ್ಲಿ ಬೇಡುವವನ ತಟ್ಟೆಗೆ ಹಾಕುವುದಾದರೂ ಏನನ್ನು? ಮನೆಯಿಲ್ಲದವರು ಬೀದಿಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಹೋಗಿಬರುವವರು ಸುಮ್ಮನೆ ಹೋಗಿಬರುತ್ತಿದ್ದರು.

ಆಗ ಯಂತ್ರಬುದ್ಧಿ ಸಂಶೋಧಕ ಡಾ. ಇಂದುಧರ ಒಂದು ಉಪಾಯ ಹೇಳಿದ. ತುಕ್ಕು ಹಿಡಿದ ಮೀಟರುಗಳ ಹೊಟ್ಟೆ ಬಿಚ್ಚಿ ಅವನ್ನು ದಾನಸ್ತಂಭಗಳನ್ನಾಗಿ ಮಾರ್ಪಡಿಸಿದ. ಒಂದೊಂದಕ್ಕೂ ಎರಡು ಇಂದ್ರಿಯಗಳನ್ನಿಟ್ಟ. ಮೇಲಿನ ಗಾಜು ಅಂಗೈಯನ್ನು ಓದಿ ದಾನ ಪಡೆಯುತ್ತದೆ. ಅದರ ಕೆಳಗಿನ ಉಷ್ಣನೇತ್ರ ಸುತ್ತ ಇರುವ ಮೈಗಳ ಬಿಸಿಯನ್ನು ಮಾತ್ರ ನೋಡುತ್ತದೆ, ಮುಖ ನೋಡುವುದಿಲ್ಲ. ಯಾರು ಹಗಲಿರುಳೂ ಅಲ್ಲೇ ಇದ್ದಾರೆ, ಯಾರು ಬಂದು ಹೋಗುತ್ತಾರೆ ಎಂಬುದು ಅದಕ್ಕೆ ತಿಳಿಯುತ್ತದೆ. ಹೀಗೆ, ಅಲ್ಲೇ ಇರುವವರು ಒಮ್ಮೆ ಅಂಗೈ ಒತ್ತಿ ಹೆಸರು ಕೊಟ್ಟರೆ ಸಾಕು, ಸೂರಿಲ್ಲದವರ ಪಟ್ಟಿ ತಾನಾಗಿಯೇ ಬೆಳೆಯುತ್ತದೆ. ಎಲ್ಲ ಸ್ತಂಭಗಳೂ ಸೇರಿ ಒಂದು ಮಿದುಳು. ಅದರ ಹೆಸರು ವಿತರಣಾಬುದ್ಧಿ. ದಾನದಿಂದ ಊರಿನಲ್ಲಿ ಕಟ್ಟಿದ ನೆಲೆಮನೆಗಳ ಕೋಣೆಗಳನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ಅದೇ. ಅನುಭವದಿಂದ ತಾನೇ ಕಲಿಯುತ್ತ ಹೋಗುವ ಸ್ವಯಂಕಲಿಕೆಯ ಶಕ್ತಿಯನ್ನೂ ಇಂದುಧರ ಅದಕ್ಕೆ ಕೊಟ್ಟ. ಅದಕ್ಕಿದ್ದ ಆಜ್ಞೆ ಒಂದೇ: ಆದಷ್ಟು ಹೆಚ್ಚು ಜನರಿಗೆ ಸೂರು ಸಿಗುವಂತೆ ನಡೆದುಕೋ.

ಇದರಲ್ಲಿ ತಪ್ಪೇನಿದೆ? ಯಾರಿಗೂ ಕಾಣಲಿಲ್ಲ.

ಜೊತೆಗೆ ನಗರಸಭೆ ಒಂದು ಕಾಯಿದೆಯನ್ನೂ ಮಾಡಿತು. ವಿತರಣಾಬುದ್ಧಿಯ ಆದೇಶವನ್ನು ಯಾವ ಮನುಷ್ಯನೂ ತಿದ್ದುವಂತಿಲ್ಲ, ತಡೆಯುವಂತಿಲ್ಲ, ಅದನ್ನು ಕಟ್ಟಿದ ಇಂದುಧರನೂ ಕೂಡ. ಹಿಂದೆ ಇಂಥ ಕೋಣೆಗಳು ಸತ್ತವರ ಹೆಸರಿಗೂ ಸದಸ್ಯರ ಬಾಮೈದುನರ ಹೆಸರಿಗೂ ಹೋಗಿದ್ದವಾದ್ದರಿಂದ ಈ ನಿಯಮಕ್ಕೆ ಊರೇ ಚಪ್ಪಾಳೆ ತಟ್ಟಿತು. ಇನ್ನೊಂದು ನಿಯಮವೂ ಇತ್ತು. ಪಟ್ಟಿಯಲ್ಲಿ ಹೆಸರಿರುವವರು ತಮ್ಮ ಸ್ತಂಭದ ಬಳಿಯೇ ಇರಬೇಕು. ಮೂರು ದಿನ ಕಾಣದಿದ್ದರೆ ಹೆಸರು ಬಿದ್ದುಹೋಗುತ್ತದೆ.

ಹದಿನೇಳನೆಯ ಸ್ತಂಭದ ಬಳಿ ಕೂರುವವಳ ಹೆಸರು ಚಿಕ್ಕತಾಯಮ್ಮ. ಮುದುಕಿ ಎಂದೆನಲ್ಲ, ಅವಳಿಗೆ ಐವತ್ತೆಂಟೇ ವರ್ಷ. ಬೀದಿ ಬೇಗ ಮುಪ್ಪು ತರುತ್ತದೆ. ಆ ಬೀದಿಯಲ್ಲಿ ಮದುವೆ ಛತ್ರವೊಂದಿತ್ತು. ಅಲ್ಲಿ ಮೂವತ್ತೊಂದು ವರ್ಷ ಕೊಪ್ಪರಿಗೆ, ಕಡಾಯಿ ತಿಕ್ಕಿದವಳು ಅವಳು. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ವಾಸ. ಊರಿನ ಅರ್ಧ ಜನರ ಮದುವೆಯ ಎಂಜಲೆಲೆಯನ್ನು ಅವಳು ಎತ್ತಿದ್ದಾಳೆ. ಛತ್ರವನ್ನು ಕೊಂಡ ಚಿನ್ನಾಭರಣದ ವ್ಯಾಪಾರಿ ವೃಷಭೇಂದ್ರಪ್ಪ ಅದನ್ನು ಕೆಡವಿಸಿ ಐದು ಅಂತಸ್ತಿನ ಮಳಿಗೆ ಕಟ್ಟಿಸಿದ. ಕೆಡವುವ ಯಂತ್ರ ಬಂದ ಬೆಳಿಗ್ಗೆಯೇ ಚಿಕ್ಕತಾಯಮ್ಮನಿಗೆ ವಿಷಯ ಗೊತ್ತಾದದ್ದು. ಗಂಡ ಇಲ್ಲ, ಮಕ್ಕಳಿಲ್ಲ, ಹೋಗುವುದೆಲ್ಲಿಗೆ? ಛತ್ರದ ಬಾಗಿಲಿದ್ದ ಜಾಗದಲ್ಲೇ ಗೋಣಿತಾಟು ಹಾಸಿಕೊಂಡು ಕುಳಿತಳು. ಆ ಜಾಗದಲ್ಲಿದ್ದ ಮೀಟರೇ ಆಮೇಲೆ ಹದಿನೇಳನೆಯ ಸ್ತಂಭವಾಯಿತು. ಅದೇ ವೃಷಭೇಂದ್ರಪ್ಪ ಈಗ ನಗರಸಭೆಯ ದಾನ ಸಮಿತಿಯ ಅಧ್ಯಕ್ಷ.

ಪಟ್ಟಿ ಶುರುವಾದ ದಿನ ಮೊದಲನೆಯ ಹೆಸರು ಚಿಕ್ಕತಾಯಮ್ಮನದೇ. ಪ್ರತಿ ತಿಂಗಳ ಒಂದನೆಯ ತಾರೀಕು ಕೋಣೆ ಸಿಕ್ಕವರ ಹೆಸರು ಸ್ತಂಭದ ಮೇಲೆ ಮೂಡುತ್ತದೆ. ಅವಳಿಗೆ ಓದು ಬಾರದು. ಹೋಗಿಬರುವವರನ್ನು ನಿಲ್ಲಿಸಿ, "ನನ್ ಹೆಸ್ರು ಬಂದದಾ ನೋಡಿ ಸ್ವಾಮಿ" ಎಂದು ಕೇಳುತ್ತಾಳೆ. ಬಂದಿರುವುದಿಲ್ಲ. ಎದುರು ಸಾಲಿನ ಸಿದ್ದಯ್ಯನಿಗೆ ಸಿಕ್ಕಿತು. ನಾಲ್ಕು ತಿಂಗಳ ಹಿಂದೆ ಈ ಊರಿಗೆ ಬಂದ ಅಣ್ಣತಮ್ಮಂದಿರಿಬ್ಬರಿಗೂ ಸಿಕ್ಕಿತು. ಎರಡು ವರ್ಷ ಎಂಟು ತಿಂಗಳಲ್ಲಿ ನಾನೂರಕ್ಕೂ ಮೀರಿ ಜನ ಅವಳ ಕಣ್ಣೆದುರೇ ಗಂಟುಮೂಟೆ ಕಟ್ಟಿಕೊಂಡು ಕೋಣೆ ಸೇರಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯನ್ನೇ ತೆಗೆದುಹಾಕಿದ್ದರು, ಆದರೂ ಅವಳಿಗೆ ಸಿಗಲಿಲ್ಲ.

ಕಾರ್ತಿಕದ ಚಳಿ ಶುರುವಾದಾಗ ಅವಳ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ವಾರಕ್ಕೊಮ್ಮೆ ಸಂಚಾರಿ ಆಸ್ಪತ್ರೆಯ ಗಾಡಿಯಲ್ಲಿ ಬರುತ್ತಿದ್ದ ದಾದಿ ಮೆಹರ್ ಅವಳ ಎದೆಗೆ ಯಂತ್ರ ಹಿಡಿದು ನೋಡಿದಳು. ಶ್ವಾಸಕೋಶದ ಚಿತ್ರ ನೋಡಿದ ವೈದ್ಯರು ಒಂದೇ ಮಾತು ಹೇಳಿದರು: ಇನ್ನೊಂದು ಚಳಿಗಾಲ ಬರಿ ನೆಲದ ಮೇಲೆ ಮಲಗಿದರೆ ಈಕೆ ಉಳಿಯುವುದಿಲ್ಲ. ಔಷಧವಿದೆ, ಆದರೆ ಅದು ಹತ್ತಬೇಕಾದರೆ ಬೆಚ್ಚನೆಯ ಜಾಗ ಬೇಕು. ಆಸ್ಪತ್ರೆಗೆ ಸೇರಿಸೋಣವೆಂದರೆ ಮೂರು ದಿನದ ನಿಯಮ. ಹೆಸರು ಬಿದ್ದುಹೋದರೆ ಮತ್ತೆ ಬೀದಿಗೇ ಬರಬೇಕು.

ಮೆಹರ್ ನೇರವಾಗಿ ಇಂದುಧರನ ಪ್ರಯೋಗಾಲಯಕ್ಕೆ ಹೋದಳು.

"ಸಾರ್, ನಿಮ್ ಕಂಬ ಸುಳ್ಳು ಹೇಳ್ತಾ ಇದೆ" ಎಂದಳು, ಕುಳಿತುಕೊಳ್ಳುವ ಮೊದಲೇ.

ಇಂದುಧರ ನಕ್ಕ. "ಯಂತ್ರ ಸುಳ್ಳು ಹೇಳಲ್ಲಮ್ಮ. ಅದಕ್ಕೆ ಅಷ್ಟು ಬುದ್ಧಿ ಇಲ್ಲ."

"ಹಾಗಾದ್ರೆ ನೀವೇ ಬಂದು ಆ ಅಮ್ಮನ ಮುಖ ನೋಡಿ ಹೇಳಿ. ಎರಡು ವರ್ಷ ಎಂಟು ತಿಂಗಳಾಯ್ತು. ಮೊದಲನೇ ಹೆಸರು ಅವರದ್ದು. ಕೆಮ್ಮಿದ್ರೆ ರಕ್ತ ಬರ್ತಿದೆ. ನಿಮ್ಮ ಯಂತ್ರಕ್ಕೆ ಇದಕ್ಕಿಂತ ಇನ್ನೇನು ಅರ್ಜಿ ಬೇಕು?"

ಅವನ ನಗು ಮಾಯವಾಯಿತು. ಮರುದಿನ ಬೆಳಿಗ್ಗೆ ಛತ್ರದ ಬೀದಿಗೆ ಬಂದ. ತಾನು ಮಾಡಿದ ಯಂತ್ರವನ್ನು ಬೀದಿಯಲ್ಲಿ ಅವನು ನೋಡಿದ್ದು ಉದ್ಘಾಟನೆಯ ದಿನ ಬಿಟ್ಟರೆ ಅದೇ ಮೊದಲು. ಸ್ತಂಭದ ಹೊಟ್ಟೆ ತೆರೆದು, ಕೈಯಲ್ಲಿದ್ದ ಫಲಕಕ್ಕೆ ಅದರ ನೆನಪನ್ನು ಇಳಿಸಿಕೊಂಡು, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಳಿತು ಓದತೊಡಗಿದ. ತಿದ್ದುವಂತಿಲ್ಲ, ಓದಬಹುದು. ಚಿಕ್ಕತಾಯಮ್ಮ ಅವನನ್ನೇ ನೋಡುತ್ತಿದ್ದಳು.

"ಕೆಟ್ಟೋಗದಾ ಸ್ವಾಮಿ?"

"ಇಲ್ಲಮ್ಮ. ಕೆಟ್ಟಿಲ್ಲ." ಅವನ ದನಿ ಇಳಿದಿತ್ತು. "ಚೆನ್ನಾಗಿ ಕೆಲಸ ಮಾಡ್ತಿದೆ."

ಅವನಿಗೆ ಸಿಕ್ಕಿದ್ದು ಅವನೇ ಬರೆಯದ ಒಂದು ಸಂಖ್ಯೆ. ಸ್ವಯಂಕಲಿಕೆಯಿಂದ ವಿತರಣಾಬುದ್ಧಿ ತಾನಾಗಿಯೇ ಕಂಡುಕೊಂಡದ್ದು. ಪಟ್ಟಿಯ ಪ್ರತಿಯೊಬ್ಬರಿಗೂ ಅದು ಇಂಥದೊಂದು ಸಂಖ್ಯೆ ಕೊಟ್ಟಿತ್ತು. ಇಂದುಧರ ಅದಕ್ಕೆ ಅಲ್ಲೇ ಒಂದು ಹೆಸರಿಟ್ಟ, ಉಪಸ್ಥಿತಿ ಗುಣಾಂಕ. ಒಬ್ಬ ವ್ಯಕ್ತಿ ಸ್ತಂಭದ ಬಳಿ ಇರುವಾಗ ಬರುವ ದಾನಕ್ಕೂ, ಇಲ್ಲದಿರುವಾಗ ಬರುವ ದಾನಕ್ಕೂ ಇರುವ ಅನುಪಾತ ಅದು. ಹೆಚ್ಚಿನವರ ಗುಣಾಂಕ ಒಂದರ ಆಸುಪಾಸಿನಲ್ಲಿತ್ತು, ಎಂದರೆ ಅವರು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಂಥವರಿಗೆ ಬೇಗ ಬೇಗ ಕೋಣೆ ಸಿಕ್ಕಿತ್ತು. ಗುಣಾಂಕ ಕೊಂಚ ಹೆಚ್ಚಿದ್ದವರು ಇನ್ನೂ ಬೀದಿಯಲ್ಲೇ ಇದ್ದರು. ಚಿಕ್ಕತಾಯಮ್ಮನ ಗುಣಾಂಕ ಒಂಬತ್ತು.

"ಹಾಗಂದ್ರೇನು ಸಾರ್?" ಮೆಹರ್ ಕೇಳಿದಳು.

"ಈಕೆ ಇಲ್ಲಿ ಕೂತರೆ ಈ ಕಂಬಕ್ಕೆ ಒಂಬತ್ತು ಪಟ್ಟು ದಾನ ಬರ್ತದೆ. ಆ ದಾನದಿಂದ ಬೇರೆ ಮೂವತ್ತು ಜನಕ್ಕೆ ಕೋಣೆ ಸಿಗ್ತಿದೆ. ಹೆಚ್ಚು ಜನಕ್ಕೆ ಸೂರು ಸಿಗೋ ಹಾಗೆ ನಡ್ಕೋ ಅಂತ ನಾನೇ ಹೇಳಿದ್ದೆ. ಅದು ಹಾಗೇ ನಡ್ಕೊಂಡಿದೆ. ಈಕೆಯನ್ನ ಎಂದಿಗೂ ಒಳಗೆ ಕಳಿಸಬಾರದು ಅಂತ ತೀರ್ಮಾನ ಮಾಡಿದೆ."

ಚಿಕ್ಕತಾಯಮ್ಮನಿಗೆ ಗುಣಾಂಕ ಅರ್ಥವಾಗಲಿಲ್ಲ. ಎಂದಿಗೂ ಎನ್ನುವ ಮಾತು ಅರ್ಥವಾಯಿತು. ಗೋಣಿತಾಟಿನ ಅಂಚನ್ನು ಬೆರಳಿನಿಂದ ಮಡಚುತ್ತ ಕುಳಿತಳು.

ಅದೇ ವಾರ ಇಂದುಧರ ದಾನ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ವಿವರಿಸಿದ. ಕಾಯಿದೆಗೆ ತಿದ್ದುಪಡಿ ತನ್ನಿ, ನಾನು ಆ ಗುಣಾಂಕವನ್ನು ಅಳಿಸಿಹಾಕುತ್ತೇನೆ ಎಂದು ಕೇಳಿಕೊಂಡ. ಸಭೆ ನಾಚಿಕೆಯಿಂದ ತಲೆ ತಗ್ಗಿಸುತ್ತದೆ ಎಂದು ಅವನು ಎಣಿಸಿದ್ದ. ವೃಷಭೇಂದ್ರಪ್ಪನ ಮುಖ ಅರಳಿತು.

"ಅಂದ್ರೆ ಡಾಕ್ಟ್ರೇ, ಮನುಷ್ಯರಿಗೆ ಹೊಳೀದೇ ಇರೋದು ನಿಮ್ ಯಂತ್ರಕ್ಕೆ ಹೊಳೆದಿದೆ ಅನ್ನಿ!"

"ಸ್ವಾಮಿ, ಆಕೆ ಸಾಯ್ತಾಳೆ."

"ಭಾವುಕರಾಗ್ಬೇಡಿ. ಒಬ್ಬಳು ಕೂತಿರೋದ್ರಿಂದ ಮೂವತ್ತು ಜನ ಒಳಗೆ ಮಲಗ್ತಿದ್ದಾರೆ. ಅವಳನ್ನ ಎಬ್ಬಿಸಿದ್ರೆ ಆ ಮೂವತ್ತು ಜನ ಬೀದಿಗೆ ಬರ್ತಾರೆ. ಯಾವುದು ಧರ್ಮ, ನೀವೇ ಹೇಳಿ. ಬೇಕಿದ್ರೆ ಒಂದು ಕಂಬಳಿ ಕೊಡಿಸೋಣ. ಬಿಸಿಲಿಗೆ ಒಂದು ಛತ್ರಿ ಹಾಕ್ಸೋಣ. ಅವಳದ್ದೂ ಒಂದು ರೀತಿ ಜನಸೇವೆ ತಾನೆ?"

"ಹಾಗಾದರೆ ಆ ಸೇವೆಗೆ ನಿಮ್ಮ ಮನೆಯಿಂದ ಒಬ್ಬರನ್ನ ಕಳಿಸಿ" ಎಂದ ಇಂದುಧರ.

ಯಾರೋ ಕಾಫಿ ತರಿಸಿದರು. ಹದಿನೇಳನೆಯ ಸ್ತಂಭಕ್ಕೆ ಮೇಲಾವರಣ ಹಾಕಿಸುವ ಠರಾವು ಪಾಸಾಗಿ ಸಭೆ ಮುಗಿಯಿತು. ಮಳೆ ಬಂದರೆ ದಾನಿಗಳು ನೆನೆಯಬಾರದಲ್ಲ!

ಮೂವತ್ತು ಜನಕ್ಕೆ ಸೂರು ಬೇಕೆಂದಿದ್ದರೆ ಐದು ಅಂತಸ್ತಿನ ಮಳಿಗೆಯಲ್ಲಿ ಒಂದು ಅಂತಸ್ತು ಸಾಕಾಗುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಬಡವಿಯ ಶ್ವಾಸಕೋಶವನ್ನು ತಕ್ಕಡಿಗೆ ಹಾಕುವ ಉಪಾಯ ಮಾತ್ರ ಎಲ್ಲರಿಗೂ ಹಿಡಿಸಿತು. ಯಂತ್ರಕ್ಕೆ ನಾಚಿಕೆಯಿಲ್ಲ, ಯಾಕೆಂದರೆ ಅದು ಯಂತ್ರ. ಇವರಿಗೆ?

ಇಂದುಧರ ಮತ್ತೆ ಛತ್ರದ ಬೀದಿಗೆ ಬಂದ. ಬರಿಗೈಯಲ್ಲಿ ಬಂದಿದ್ದಕ್ಕೆ ಮುಖ ಎತ್ತಲಾರದೆ ಅದೇ ಕಲ್ಲಿನ ಮೇಲೆ ಕುಳಿತ. ಸಭೆಯಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದ.

"ಒಂದು ಮಾತು ಕೇಳ್ತೀನಿ ಅಮ್ಮಾ, ಬೇಜಾರು ಮಾಡ್ಕೋಬೇಡಿ. ಈ ಊರಲ್ಲಿ ನಿಮ್ಮ ಹಾಗೆ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದ್ದಾರೆ. ನಿಮ್ಮನ್ನ ಕಂಡ್ರೆ ಮಾತ್ರ ಜನಕ್ಕೆ ಯಾಕೆ ಇಷ್ಟು ಕರುಣೆ? ಅದು ನನಗೆ ಬಗೆಹರೀತಿಲ್ಲ."

ಚಿಕ್ಕತಾಯಮ್ಮ ಅವನ ಮುಖ ನೋಡಿದಳು. ಆಮೇಲೆ ನಕ್ಕಳು. ನಗು ಕೆಮ್ಮಿಗೆ ತಿರುಗಿ, ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು.

"ಕರುಣೆನಾ? ಅಯ್ಯೋ, ಓದ್ಕಂಡೋರೆಲ್ಲ ಹಿಂಗೇ ಇರ್ತೀರಾ ಸ್ವಾಮಿ? ಅವ್ರು ಅಯ್ಯೋ ಪಾಪ ಅಂತ ಕೊಡ್ತಾರೆ ಅಂದ್ಕಂಡ್ರಾ?"

"ಮತ್ತೆ?"

"ಮಗೀಗೆ ಜ್ವರ ಬಂದ್ರೆ ಮೂರು ಸುತ್ತು ನಿವಾಳ್ಸಿ ಕೊಡ್ತಾರೆ. ಶನಿ ಕಾಟ ಇದ್ರೆ ಶನಿವಾರ ಬತ್ತಾರೆ. ಗ್ರಾಣ ಹಿಡಿದ್ರೆ ಬತ್ತಾರೆ. ಹೊಸಾ ಕಾರು ತಗಂಡ್ರೆ ಕಣ್ಣು ಬೀಳ್ಬಾರ್ದು ಅಂತ ಬತ್ತಾರೆ. ಅವ್ರು ಕೊಡೋದು ಕಾಸಲ್ಲ, ಪೀಡೆ. ಅದ ಯಾರಾದ್ರೂ ತಗಬೇಕಲ್ಲ? ಕಂಬಕ್ಕೆ ಜ್ವರ ಬತ್ತದಾ? ಕಂಬಕ್ಕೆ ಶನಿ ಹಿಡೀತಾನಾ? ಅದ್ಕೆ ನಾನು ಬೇಕು. ನಾನು ಸೆರಗೊಡ್ಡಿ ಒಳ್ಳೇದಾಗ್ಲಿ ಅಂದ್ರೇನೇ ಅವರ ಮೈಯಿಂದ ಇಳಿಯೋದು. ಬೇರೆಯೋರಲ್ಲಿ ಸುಮಾರು ಜನ ಸುಮ್ಕೆ ಕೂತಿರ್ತಾರೆ. ನಾನು ಛತ್ರದೋಳು, ಮರ್ಯಾದೆ ಗೊತ್ತು, ಒಡ್ತೀನಿ."

ಇಂದುಧರ ತನ್ನ ಯಂತ್ರದ ಬಗ್ಗೆ ದೊಡ್ಡ ಪ್ರಬಂಧ ಬರೆದಿದ್ದ. ಅದರಲ್ಲಿ ಅನುಕಂಪ ಎನ್ನುವ ಮಾತು ಎಪ್ಪತ್ತು ಸಲವಾದರೂ ಬರುತ್ತಿತ್ತು. ನಿವಾಳಿಸುವುದು ಅವನ ಮನೆಯಲ್ಲೂ ಇತ್ತು. ಚಿಕ್ಕಂದಿನಲ್ಲಿ ಅವನಿಗೇ ಅವನ ತಾಯಿ ನಾಣ್ಯ ನಿವಾಳಿಸಿ ಬಾಗಿಲಿಗೆ ಬಂದವರ ತಟ್ಟೆಗೆ ಹಾಕುತ್ತಿದ್ದಳು. ತಟ್ಟೆ ಹಿಡಿದವರು ಏನನ್ನು ತೆಗೆದುಕೊಂಡು ಹೋಗುತ್ತಿದ್ದಾರೆ ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ.

"ನೀವು ಅದನ್ನ ನಂಬ್ತೀರಾ ಅಮ್ಮಾ?"

"ನಂಬ್ದೆ ಏನ್ ಮಾಡ್ಲಿ? ಎರಡೂವರೆ ವರ್ಷದಿಂದ ಊರ ಕೆಮ್ಮೆಲ್ಲ ನನ್ನ ಎದೇಲಿ ಕೂತದೆ."

ಅದು ಹಾಗಲ್ಲ, ಅದು ಚಳಿಯಿಂದ ಬಂದದ್ದು ಎಂದು ವಿವರಿಸಲು ಅವನು ಬಾಯಿ ತೆರೆದ. ವಿವರಿಸಲು ನಾಚಿಕೆಯಾಯಿತು.

ಅವಳೇ ಕೇಳಿದಳು. "ಸ್ವಾಮಿ, ನಾನು ಸೆರಗು ಒಡ್ಡದೇ ಹೋದ್ರೆ ಈ ಕಂಬ ಏನ್ ಮಾಡ್ತದೆ?"

ಇಂದುಧರ ಉತ್ತರಿಸಲು ಹೊರಟವನು ಅಲ್ಲೇ ನಿಲ್ಲಿಸಿದ. ಅವನ ಕಣ್ಣು ಅಗಲವಾಯಿತು. "ಒಡ್ಡದೇ ಹೋದರೆ..." ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದ. "ಜನ ಬೇಸರ ಮಾಡ್ಕೊಂಡು ಕೊಡದೆ ಹೋಗ್ತಾರೆ. ದಿನಾ ಹಾಗಾದರೆ ನಿಮ್ಮ ಗುಣಾಂಕ ಒಂದಕ್ಕಿಂತ ಕೆಳಗೆ ಇಳೀತದೆ. ಆಗ ನೀವು ಇಲ್ಲಿ ಕೂರೋದೇ ಕಂಬಕ್ಕೆ ನಷ್ಟ. ನಿಮ್ಮನ್ನ ಇಲ್ಲಿಂದ ಬೇಗ ಎಬ್ಬಿಸಬೇಕು ಅಂತ ಅದು ತೀರ್ಮಾನಿಸ್ತದೆ."

"ಎಬ್ಸಿ?"

"ಎಬ್ಬಿಸೋಕೆ ಅದಕ್ಕೆ ಗೊತ್ತಿರೋದು ಒಂದೇ ದಾರಿ ಅಮ್ಮಾ. ಕೋಣೆ ಕೊಡೋದು."

"ಇದು ಕಾನೂನಿಗೆ ವಿರುದ್ಧ ಆಗಲ್ವಾ?" ಎಂದಳು ಪಕ್ಕದಲ್ಲಿದ್ದ ಮೆಹರ್.

"ಯಂತ್ರವನ್ನ ಯಾರೂ ಮುಟ್ಟುವಂತಿಲ್ಲ ಅಂತ ಕಾನೂನು. ಸೆರಗು ಆಕೆಯದು."

ಹೇಳುವುದು ಸುಲಭ. ಚಿಕ್ಕತಾಯಮ್ಮನಿಗೆ ಅದು ಸುಲಭವಾಗಿರಲಿಲ್ಲ. ಇಲ್ಲ ಎನ್ನುವುದು ಅವಳಿಗೆ ಅಭ್ಯಾಸವಿರಲಿಲ್ಲ. ಮೂವತ್ತೊಂದು ವರ್ಷ ಛತ್ರದಲ್ಲಿ ಹೂಂ ಎಂದೇ ಬದುಕಿದವಳು. ಶನಿವಾರ ಬೆಳಿಗ್ಗೆ ರೇಷ್ಮೆ ಸೀರೆಯವಳು ಮಗುವನ್ನೆತ್ತಿಕೊಂಡು ಬಂದಾಗ ಅವಳ ಕೈ ಅಭ್ಯಾಸಬಲದಿಂದ ಸೆರಗಿಗೆ ಹೋಯಿತು. ಆಮೇಲೆ ಅವಳು ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ನಾನು ತಗಳಾಕಿಲ್ಲ ತಾಯಿ."

ಹೆಂಗಸಿಗೆ ಅರ್ಥವಾಗಲಿಲ್ಲ. "ಏನು?"

"ನಿನ್ ಮಗಿನ ಜ್ವರ ನಾನು ತಗಳಾಕಿಲ್ಲ. ಮಗ ಚೆಂದಾಗಿರ್ಲಿ, ನೂರು ವರ್ಷ ಬಾಳ್ಲಿ. ಡಾಕ್ಟ್ರಿಗೆ ತೋರ್ಸವ್ವ. ನನಗೂ ಒಂದು ಎದೆ ಅದೆ, ಅದ್ರಲ್ಲಿ ಇನ್ನು ಜಾಗ ಇಲ್ಲ."

ಹೆಂಗಸಿನ ಮುಖ ಕೆಂಪಾಯಿತು. "ದುಡ್ಡು ಕೊಟ್ಟಿದ್ದೀನಿ ನಾನು!"

"ಕಂಬಕ್ಕೆ ಕೊಟ್ರಿ. ಅದನ್ನೇ ಕೇಳಿ."

ಮಧ್ಯಾಹ್ನದೊಳಗೆ ಅಲ್ಲಿ ಇಪ್ಪತ್ತು ಜನ ಸೇರಿದರು. ಸೊಕ್ಕು ಬಂದಿದೆ ಎಂದರು. ಕೂತಲ್ಲೇ ದಾನದ ಅನ್ನ ಸಿಗುತ್ತಿದೆಯಲ್ಲ ಅದಕ್ಕೆ ಎಂದರು. ಕೆಲಸಕ್ಕೆ ಹೋಗಿ ಸಂಪಾದಿಸಲಿ ಎಂದೂ ಒಬ್ಬ ಹೇಳಿದ. ಅವನ ಮದುವೆಯ ಪಾತ್ರೆಗಳನ್ನು ಅವಳೇ ತಿಕ್ಕಿರಲಿಕ್ಕೂ ಸಾಕು. ಪೊಲೀಸಿನವನನ್ನು ಕರೆಸಿದರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಸೆರಗು ಒಡ್ಡದಿರುವುದು ಯಾವ ಕಲಮಿನ ಪ್ರಕಾರ ಅಪರಾಧ? ಹೋಗುವಾಗ ಅವನೂ, ಯಾರಿಗೂ ಕಾಣದ ಹಾಗೆ, ತನ್ನ ಪೀಡೆಯನ್ನಾದರೂ ಇಳಿಸಿಕೊಂಡಾಳೇನೋ ಎಂಬ ಆಸೆಯಿಂದ ಅವಳ ಕಡೆ ಒಂದು ಸಲ ನೋಡಿದ. ಅವಳು ಕೈ ಹೊರಗೆ ತೆಗೆಯಲಿಲ್ಲ.

ದಿನಕ್ಕೆ ನೂರಾರು ಅಂಗೈ ಕಾಣುತ್ತಿದ್ದ ಗಾಜು ಮರುವಾರ ಬರಿದಾಯಿತು. ಬಂದವರು ಅವಳನ್ನು ಕಂಡು ಮುಖ ಸಿಂಡರಿಸಿಕೊಂಡು ಹೋಗುತ್ತಿದ್ದರು. ಬೈಗುಳ ಕೇಳಿ ಕೇಳಿ ಚಿಕ್ಕತಾಯಮ್ಮ ಎರಡು ದಿನ ಊಟ ಮಾಡಲಿಲ್ಲ. ಇಂದುಧರ ದಿನವೂ ಬಂದು ಕಲ್ಲಿನ ಮೇಲೆ ಕೂರುತ್ತಿದ್ದ. ಗುಣಾಂಕ ಒಂಬತ್ತರಿಂದ ಐದಕ್ಕೆ ಬಂತು, ಐದರಿಂದ ಎರಡಕ್ಕೆ, ಎರಡರಿಂದ ಅರ್ಧಕ್ಕೆ. ಹನ್ನೊಂದನೆಯ ದಿನ, ಒಂದನೆಯ ತಾರೀಕಿಗೂ ಕಾಯದೆ, ಸ್ತಂಭದ ಮೇಲೆ ಒಂದೇ ಒಂದು ಹೆಸರು ಮೂಡಿತು.

"ನನ್ ಹೆಸ್ರಾ ಸ್ವಾಮಿ?" ಎಂದು ಅವಳು ಮೂರು ಸಲ ಕೇಳಿದಳು. ಮೂರು ಸಲವೂ ಇಂದುಧರ ಓದಿ ಹೇಳಿದ.

ನೆಲೆಮನೆಯಲ್ಲಿ ಅವಳಿಗೆ ಸಿಕ್ಕಿದ್ದು ನೆಲಮಟ್ಟದ ಮೊದಲನೆಯ ಕೋಣೆ. ಒಂದು ಮಂಚ, ಹಾಸಿಗೆ, ಒಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮೆಹರ್ ಔಷಧ ಶುರುಮಾಡಿದಳು. ಆರನೆಯ ವಾರಕ್ಕೆ ರಕ್ತ ನಿಂತಿತು.

ಸುದ್ದಿ ಬೀದಿಯಿಂದ ಬೀದಿಗೆ ಹಬ್ಬುವುದಕ್ಕೆ ಯಂತ್ರ ಬೇಕಿಲ್ಲ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಹೇಮಾಪುರದ ಒಂದು ಸ್ತಂಭದ ಬಳಿಯೂ ಸೆರಗೊಡ್ಡುವವರಿಲ್ಲ, ಕೈ ಚಾಚುವವರಿಲ್ಲ. "ನಾವು ತಗೊಳ್ಳಲ್ಲ" ಎಂದರು ಎಲ್ಲರೂ. ದಾನ ಕಾಲುಭಾಗಕ್ಕಿಳಿಯಿತು. ಆಗ ಗೊತ್ತಾಯಿತು, ಹೆಮ್ಮೆಯ ಹೇಮಾಪುರದಲ್ಲಿ ಕರುಣೆಯಿಂದ ಕೊಡುತ್ತಿದ್ದವರು ನಾಲ್ವರಲ್ಲಿ ಒಬ್ಬರು ಮಾತ್ರ ಎಂದು. ಎಲ್ಲರ ಗುಣಾಂಕವೂ ಒಂದಕ್ಕಿಂತ ಕೆಳಗಿಳಿದದ್ದರಿಂದ ವಿತರಣಾಬುದ್ಧಿ ಒಂದೇ ಸಮನೆ ಕೋಣೆ ಕೊಡುವ ಆದೇಶ ಹೊರಡಿಸತೊಡಗಿತು. ಸಮಿತಿ ತುರ್ತು ಸಭೆ ಸೇರಿ ಆದೇಶಗಳನ್ನು ರದ್ದುಮಾಡಲು ಹೊರಟಿತು. ಯಾವ ಮನುಷ್ಯನೂ ತಡೆಯುವಂತಿಲ್ಲ ಎಂದು ತಾವೇ ಕೈಯೆತ್ತಿ ಮಾಡಿದ ಕಾಯಿದೆ ಅಡ್ಡ ಬಂತು, ಅದನ್ನು ತಿದ್ದಿಸುವಷ್ಟು ಸಮಯವಿರಲಿಲ್ಲ. ದಾನ ಸಾಲದಿದ್ದರೆ ಉಳಿದದ್ದನ್ನು ನಗರಸಭೆಯ ಬೊಕ್ಕಸ ಭರಿಸತಕ್ಕದ್ದು ಎಂಬ ಸಾಲೂ ಅದೇ ಕಾಯಿದೆಯಲ್ಲಿತ್ತು. ಸ್ತಂಭಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಅದನ್ನು ಓದುವ ತಾಪತ್ರಯ ಯಾರೂ ತೆಗೆದುಕೊಂಡಿರಲಿಲ್ಲ. ದೊಡ್ಡ ಮಳಿಗೆಗಳ ಮೇಲೆ ಹೊಸ ಕಂದಾಯ ಬಿತ್ತು, ಅದರಿಂದ ಹೊಸ ಕೋಣೆಗಳು ಎದ್ದವು. ಕರುಣೆ ಮಾಡದ ಕೆಲಸವನ್ನು ಕಂದಾಯ ಮಾಡಿತು, ಚಳಿಗಾಲ ಮುಗಿಯುವ ಮೊದಲೇ ಛತ್ರದ ಬೀದಿಯಲ್ಲಿ ರಸ್ತೆಯ ಮೇಲೆ ಮಲಗುವವರು ಯಾರೂ ಉಳಿಯಲಿಲ್ಲ.

ಇಂದುಧರನೂ ಸಮಿತಿಯೂ ಯಂತ್ರವೂ ಯಾರೂ ಊಹಿಸದಿದ್ದ ಸಂಗತಿ ನಡೆದದ್ದು ಆಮೇಲೆ. ಊರಿನ ಪೀಡೆ ಊರಿನಲ್ಲೇ ಉಳಿದಿತ್ತಲ್ಲ! ಮಕ್ಕಳಿಗೆ ಜ್ವರ ಬರುತ್ತಿತ್ತು, ವ್ಯಾಪಾರ ಕೆಡುತ್ತಿತ್ತು, ಶನಿ ಎಂದಿನಂತೆ ಮನೆ ಬದಲಾಯಿಸುತ್ತಿದ್ದ. ಇಳಿಸಿಕೊಳ್ಳಲು ಒಬ್ಬರೂ ಇಲ್ಲ. ಪಕ್ಕದ ಊರಿನಿಂದ ಬಡವರನ್ನು ಕರೆಸಲು ಕೆಲವರು ಪ್ರಯತ್ನಿಸಿದರು. ಬಂದವರು ಮೂರನೆಯ ದಿನಕ್ಕೆ ಕೈ ಕಟ್ಟಿ ಕುಳಿತು ಕೋಣೆ ಸೇರಿಕೊಂಡರು. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ನೆಲೆಮನೆಯ ಮುಂದೆ ಕಾರುಗಳು ಸಾಲುಗಟ್ಟಿದವು. ಊರಿನ ದೊಡ್ಡಮನುಷ್ಯರೆಲ್ಲ ಇಳಿದು, ಚಪ್ಪಲಿ ಹೊರಗೆ ಬಿಟ್ಟು, ಓಣಿಯಲ್ಲಿ ಸರದಿಯಲ್ಲಿ ನಿಂತರು. ಸರದಿಯ ಮುಂದುಗಡೆ ಇದ್ದವನು ವೃಷಭೇಂದ್ರಪ್ಪ.

ಅವನು ಬಾಗಿಲು ತಟ್ಟಿದ. ಚಿಕ್ಕತಾಯಮ್ಮ ಅರ್ಧ ತೆರೆದು ನೋಡಿದಳು. ಮುಖದಲ್ಲಿ ಸ್ವಲ್ಪ ಮಾಂಸ ತುಂಬಿಕೊಂಡಿತ್ತು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

"ಗುರುತು ಸಿಕ್ತಾ ತಾಯಮ್ಮ?" ಎಂದ ವೃಷಭೇಂದ್ರಪ್ಪ. "ನನಗೆ ಸಾಡೇಸಾತಿ ನಡೀತಿದೆ. ಏಳೂವರೆ ವರ್ಷ! ಮೊನ್ನೆ ಆಸ್ಪತ್ರೆಗೂ ಸೇರಿದ್ದೆ. ಜೋಯಿಸರು, ಕೊಡೋದು ಮುಖ್ಯ ಅಲ್ಲ, ತಗೊ‍ಳ್ಳೋರು ಬೇಕು ಅಂದ್ರು. ಈ ಕಡೆ ಕೈ ಒಡ್ಡು, ಒಂದೇ ಸಲ. ಏನು ಬೇಕಾದ್ರೂ ಕೊಡ್ತೀನಿ."

ಹೇಳುತ್ತ ಹೇಳುತ್ತ ಅವನ ಅಂಗೈ ತಾನಾಗಿಯೇ ಮುಂದೆ ಚಾಚಿಕೊಂಡಿತು. ಐದು ಬೆರಳಿಗೂ ಉಂಗುರಗಳು.

ಚಿಕ್ಕತಾಯಮ್ಮ ಆ ಕೈಯನ್ನು ನೋಡಿದಳು, ಅವನ ಹಿಂದೆ ಓಣಿಯುದ್ದಕ್ಕೂ ನಿಂತವರನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಮುಂದಕ್ಕೋಗಿ ಸ್ವಾಮಿ" ಎಂದಳು, ಚಿಲಕ ಹಾಕಿಕೊಂಡಳು.

ವೃಷಭೇಂದ್ರಪ್ಪ ಪಕ್ಕದ ಬಾಗಿಲು ತಟ್ಟಿದ. ಸಿದ್ದಯ್ಯ ಒಳಗಿನಿಂದಲೇ "ಮುಂದಕ್ಕೆ ಹೋಗಪ್ಪ" ಎಂದ. ಅದರಾಚೆಯ ಬಾಗಿಲಲ್ಲೂ ಅದೇ ಮಾತು. ಕೈ ಚಾಚಿಕೊಂಡೇ ಅವನು ಓಣಿಯುದ್ದಕ್ಕೂ ಬಾಗಿಲಿಂದ ಬಾಗಿಲಿಗೆ ನಡೆದ, ಹಿಂದೆ ಊರಿನ ದೊಡ್ಡಮನುಷ್ಯರ ಸಾಲು. ಮೂವತ್ತು ಬಾಗಿಲುಗಳಾದ ಮೇಲೆ ಗೋಡೆ ಬಂತು. ಅಲ್ಲಿಂದ ಮುಂದಕ್ಕೆ ಹೋಗಲು ಜಾಗವಿರಲಿಲ್ಲ.